ಪಂಜದ ಪೆಟ್ಟಿಗೆ ಬಾಗಿಲ ಬಳಿ

ಪುತ್ತೂರು
14 ಅಕ್ಟೋಬರ್ 2024, ಸೋಮವಾರ ಮಧ್ಯಾಹ್ನ

ಪ್ರೇಮಾ,

ನಿನ್ನ ಸಿಟ್ಟು ಇನ್ನೂ ಇಳಿದಿರಲಿಕ್ಕಿಲ್ಲ, ಗೊತ್ತುಂಟು. ಆದರೂ ಇದನ್ನು ಪೂರ್ತಿ ಓದು. ಅಕ್ಷರ ನನ್ನದಲ್ಲ ಅಂತ ಮೊದಲ ಸಾಲಿನಲ್ಲೇ ನಿನಗೆ ತಿಳಿದಿರುತ್ತದೆ. ಕನ್ನಡಕ ಬಿದ್ದು ಒಡೆಯಿತು. ಹಾಗಾಗಿ ನಾನು ಹೇಳುತ್ತಿದ್ದೇನೆ, ನಮ್ಮ ಪಾರ್ಸೆಲ್ ಗೋಡೌನಿನ ಸ್ಕ್ಯಾನಿಂಗ್ ಮೇಜಿನ ನುಸೈಬಾ ಬರೆಯುತ್ತಿದ್ದಾಳೆ. ಕಳೆದ ವರ್ಷ ನೀನು ಚೂಡಿದಾರ ಹೊಲಿದುಕೊಟ್ಟಿದ್ದೆಯಲ್ಲ, ಅವಳೇ. ಊಟದ ಬಿಡುವಿನಲ್ಲಿ ಕೂತಿದ್ದೇವೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ನಿನ್ನ ಅಕ್ಕ ಗೋದಾವರಿಯವರು ಎತ್ತುತ್ತಾರೆ. ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಅವರ ಹತ್ತಿರ ಹೇಳಲಿಕ್ಕಾಗುತ್ತದಾ?

ನೀನು ಹೇಳಿ ಕಳಿಸಿದ ಸಾಮಾನು ಈ ಪೆಟ್ಟಿಗೆಯಲ್ಲಿ ಉಂಟು. ದೊಡ್ಡ ಕತ್ತರಿ, ಬಾಬಿನ್ ಡಬ್ಬಿ, ಗಿರಾಕಿಗಳ ಅಳತೆ ಪುಸ್ತಕ. ಪುಸ್ತಕವನ್ನೇ ಕೇಳಿದ್ದೀ ಅಂದರೆ ಪಂಜದ ಅಕ್ಕನ ಮನೆಯಲ್ಲೇ ಹೊಲಿಗೆ ಶುರು ಮಾಡುವ ಅಂದಾಜು ಇರಬೇಕು. ನೀನು ಹೋಗಿ ಮೂರು ತಿಂಗಳಾಯಿತು. ನೀನು ಇನ್ನು ಬರುವವಳಲ್ಲವೇನೋ ಅಂತ ಅದನ್ನು ತೆಗೆದಿಡುವಾಗ ನನಗೆ ಹೆದರಿಕೆಯಾಯಿತು. ಹೊಲಿಗೆ ಮೆಷಿನ್ ಮಾತ್ರ ಕಳಿಸಿಲ್ಲ. ಬೇಕಂತಲೇ ಕಳಿಸಿಲ್ಲ. ಅದಾದರೂ ಇಲ್ಲಿರಲಿ.

ಇಲ್ಲಿಯ ಸಂಗತಿ ಕೇಳಿದರೆ ನಿನಗೆ ನಗು ಬಂದೀತು. ದೀಪಾವಳಿಯ ಆಫರಿನ ಮಾಲು ಈಗಲೇ ಬಂದು ರಾಶಿ ಬಿದ್ದಿದೆ. ಬೆಳಿಗ್ಗೆ ಆರಕ್ಕೆ ಮಂಗಳೂರಿನ ಗಾಡಿ ಬಂದರೆ ಇಳಿಸಬೇಕು, ಊರೂರಿನದ್ದು ಬೇರೆ ಮಾಡಬೇಕು, ಎಂಟೂವರೆಯ ಒಳಗೆ ಕಡಬ, ಪಂಜ, ಸುಳ್ಯದ ಗಾಡಿ ತುಂಬಿಸಿ ಬಾಗಿಲು ಹಾಕಬೇಕು. ಗಾಡಿಯ ಒಳಗೆ ತಗಡಿನ ಕಾವು. ನೀರು ಕುಡಿಯಲು ಇಳಿದರೆ ಅಷ್ಟಕ್ಕೆ ಇನ್ನೂ ಇಪ್ಪತ್ತು ಪೆಟ್ಟಿಗೆ ಬಂದು ನಿಂತಿರುತ್ತವೆ. ಒಂದು ಕಿವಿಯೋಲೆಗೆ ಒಂದು ಮೊಳದ ಪೆಟ್ಟಿಗೆ. ಜನ ಈಗ ಉಪ್ಪೊಂದು ಬಿಟ್ಟು ಎಲ್ಲವನ್ನೂ ಹೀಗೇ ತರಿಸುತ್ತಾರೆ ಅಂತ ನಾನು ಹೇಳುತ್ತಿದ್ದೆ. ಮೊನ್ನೆ ಕೊಯಿಲದ ಒಬ್ಬರಿಗೆ ಉಪ್ಪೂ ಬಂತು. ಹಿಮಾಲಯದ್ದಂತೆ, ಗುಲಾಬಿ ಬಣ್ಣದ್ದು.

ಕೆಲಸ ಜಾಸ್ತಿಯಾಯಿತು ಅಂತ ನನಗೆ ಬೇಸರವಿಲ್ಲ. ಕ್ರಮ ಕೆಟ್ಟಿತಲ್ಲ, ಅದಕ್ಕೆ ಬೇಸರ. ಕೊನೆಯಲ್ಲಿ ಇಳಿಯುವ ಮಾಲು ಮೊದಲು ಹತ್ತಬೇಕು, ನಾನು ಇದನ್ನು ಮನೆಯಲ್ಲಿ ಹೇಳಿ ಹೇಳಿ ನಿನಗೇ ಬಾಯಿಪಾಠ ಆಗಿತ್ತು. ಸುಳ್ಯದ್ದು ಒಳಗಿನ ಗೋಡೆಗೆ, ಅದರ ಮುಂದೆ ಪಂಜ, ಆಮೇಲೆ ಕಡಬ, ಬಾಗಿಲ ಬಳಿ ನರಿಮೊಗರು. ಈಗ ಹಾಗಿಲ್ಲ. ಸ್ಕ್ಯಾನ್ ಮಾಡುವ ಮೆಷಿನಿನಲ್ಲಿ ಯಾವ ಊರಿನ ನಂಬರು ಮೊದಲು ಬರುತ್ತದೋ ಅದನ್ನೇ ಮೊದಲು ಹಾಕಬೇಕಂತೆ. ಅದಕ್ಕೆ ಊರಿನ ನಂಬರು ಗೊತ್ತು, ದಾರಿ ಗೊತ್ತಿಲ್ಲ. ಸೂಪರ್‌ವೈಸರ್ ಕೌಶಲ್ ಹತ್ತಿರ ಹೋಗಿ ಹೇಳಿದೆ. ತೀರ್ಥಣ್ಣ, ನೀವು ಹೇಳುದು ಸರಿಯೇ, ಆದ್ರೆ ಮೇಲಿನವ್ರಿಗೆ ಸ್ಕ್ರೀನಿನಲ್ಲಿ ಹಸಿರು ಕಾಣ್ಬೇಕು, ನಾನು ಎಂತ ಮಾಡುದು ಅಂದ. ಕೆಟ್ಟವನಲ್ಲ. ಅವನಿಗೂ ನಿದ್ದೆಯಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ಮೊನ್ನೆ ಬುಧವಾರ ಮೆಷಿನ್ ಹೇಳಿದ ಹಾಗೆಯೇ ತುಂಬಿಸಿದೆವು. ಸುಳ್ಯದ ಎರಡು ಫ್ರಿಜ್ಜು ಬಾಗಿಲಲ್ಲೇ ನಿಂತವು. ಡ್ರೈವರ್ ರವೂಫ್ ಮತ್ತು ಅವನ ಜೊತೆಯವನು ಅವನ್ನು ನರಿಮೊಗರಿನಲ್ಲಿ ಇಳಿಸಿ ಹತ್ತಿಸಿದರು. ಕಡಬದಲ್ಲಿ ಮತ್ತೆ ಇಳಿಸಿದರು. ಅಷ್ಟರಲ್ಲಿ ಮಳೆ ಬಂತು. ರಸ್ತೆ ಬದಿಗಿಟ್ಟ ಪೆಟ್ಟಿಗೆಗಳೆಲ್ಲ ಒದ್ದೆ. ಕಾಗದ ಬಂದದ್ದು ಮಾತ್ರ ನನ್ನ ಹೆಸರಿಗೆ, ಲೋಡಿಂಗ್ ಸರಿ ಇಲ್ಲ, ವಿವರಣೆ ಕೊಡಿ ಅಂತ. ಇಪ್ಪತ್ತೆರಡು ವರ್ಷ ಗಾಡಿ ತುಂಬಿಸಿದವನಿಗೆ ಇಂಥ ಕಾಗದ. ಮಡಚಿ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೇನೆ. ಗುರುವಾರದಿಂದ ಊಟ ಸೇರುತ್ತಿಲ್ಲ.

ಇದನ್ನೆಲ್ಲ ಹೇಳಲಿಕ್ಕೆ ಕಾಗದ ಬರೆಸಬೇಕಾಗಿರಲಿಲ್ಲ. ವಿಷಯ ಬೇರೆ ಉಂಟು. ನುಸೈಬಾಳ ಎದುರು ಹೇಳಲು ನಾಚಿಕೆಯಾಗುತ್ತದೆ. ಅವಳು, ನಾನು ಕೇಳುದಿಲ್ಲ, ಬರೆಯುದು ಮಾತ್ರ ಅಂದಳು.

ಏಪ್ರಿಲಿನಲ್ಲಿ ಡಾಕ್ಟರು ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಭಾರ ಎತ್ತಿದರೆ ಕೈಯ ಬಲವೇ ಹೋಗುತ್ತದೆ ಅಂದಾಗ, ಎತ್ತುವುದಿಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೆ. ಜೂನಿನಲ್ಲಿ ಸ್ಕ್ಯಾನಿಂಗ್ ಮೇಜು ಸಿಕ್ಕಿತು ಅಂದದ್ದು ಸುಳ್ಳಲ್ಲ. ನೀನು ಅವತ್ತು ಹೆಸರುಬೇಳೆ ಪಾಯಸ ಮಾಡಿದ್ದೆ. ಜುಲೈಯಲ್ಲಿ ನಾನು ಮರೆತು ಬಂದ ಬುತ್ತಿಯನ್ನು ನೀನು ಗೋಡೌನಿಗೆ ತಂದೆ. ನಾನು ಮೇಜಿನಲ್ಲಿರಲಿಲ್ಲ. ಬೆನ್ನ ಮೇಲೆ ಫ್ರಿಜ್ಜು ಹೊತ್ತು ಗಾಡಿ ಹತ್ತುತ್ತಿದ್ದೆ. ನೀನು ಬುತ್ತಿಯನ್ನು ವಾಚ್‌ಮ್ಯಾನಿನ ಸ್ಟೂಲಿನ ಮೇಲಿಟ್ಟು ತಿರುಗಿ ಹೋದೆ. ಸಂಜೆ ಮನೆಗೆ ಬಂದರೆ ಬೀಗ.

ಕಂಪೆನಿಯವರೇ ನನ್ನನ್ನು ಮೇಜಿನಿಂದ ಎಬ್ಬಿಸಿದರು ಅಂತ ಗೋದಾವರಿಯಕ್ಕನ ಹತ್ತಿರ ಹೇಳಿದ್ದೆ. ಅದು ಸುಳ್ಳು. ಯಾರೂ ಎಬ್ಬಿಸಲಿಲ್ಲ. ಒಂಬತ್ತು ದಿನ ಕೂತೆ. ನನ್ನ ಕಣ್ಣೆದುರೇ ಹೊಸಬರಿಬ್ಬರು ಗಾಡಿ ತುಂಬಿಸುತ್ತಿದ್ದರು. ಟಿವಿಯನ್ನು ಅಡ್ಡ ಮಲಗಿಸಿ ಅದರ ಮೇಲೆ ಅಕ್ಕಿ ಮೂಟೆಯಂಥದ್ದನ್ನು ಇಡುತ್ತಿದ್ದರು. ಬಾಯಿಯಲ್ಲಿ ಹೇಳಿದೆ, ಕೇಳಲಿಲ್ಲ. ಹತ್ತನೆಯ ದಿನ ನಾನೇ ಕೌಶಲ್ ಹತ್ತಿರ ಹೋಗಿ, ಮೇಜು ಬೇಡ, ನನ್ನ ಗಾಡಿ ನನಗೆ ಕೊಡು ಅಂತ ಕೇಳಿ ತಕ್ಕೊಂಡೆ. ಆಮೇಲೂ ದಿನಾ ಮನೆಗೆ ಬಂದು ಮೇಜಿನ ಕತೆ ಹೇಳುತ್ತಿದ್ದೆ. ನೀನು ಕುತ್ತಿಗೆಗೆ ಎಣ್ಣೆ ಹಚ್ಚುತ್ತಾ ನಂಬುತ್ತಿದ್ದೆ.

ಯಾಕೆ ಅಂತ ನೀನು ಕೇಳಿದರೆ ನನ್ನಲ್ಲಿ ಒಂದೇ ಉತ್ತರ ಇರುವುದು. ಬದುಕಿನಲ್ಲಿ ನನಗೆ ಚೆನ್ನಾಗಿ ಬರುವುದು ಅದೊಂದೇ ಕೆಲಸ. ಒಂದು ಪೆಟ್ಟಿಗೆ ಅಲ್ಲಾಡದ ಹಾಗೆ, ಒಂದು ಬೆರಳಿನ ಸಂದು ಬಿಡದೆ ತುಂಬಿಸಿದ ಗಾಡಿಯನ್ನು ನೋಡುವಾಗ ನನಗೆ ಆಗುವ ಸಂತೋಷ ನಿನಗೆ ಹೇಗೆ ಹೇಳುವುದು. ಮೇಜಿನಲ್ಲಿ ಕೂತರೆ ನಾನು ಯಾರಿಗೂ ಬೇಡದವನು ಅಂತ ಅನಿಸಿತು. ಆ ಸಂತೋಷಕ್ಕಾಗಿ ನಿನಗೆ ಮೋಸ ಮಾಡಿದೆ. ತಪ್ಪು ನನ್ನದು. ಈಗ ಆ ಸಂತೋಷವೂ ಉಳಿದಿಲ್ಲ ಪ್ರೇಮಾ, ಸುಸ್ತು ಮಾತ್ರ ಉಂಟು. ಬೆಳಿಗ್ಗೆ ಗಾಡಿಯ ಬಾಗಿಲು ತೆರೆಯುವಾಗಲೇ ಯಾಕಾದರೂ ಬೆಳಗಾಯಿತೋ ಅನಿಸುತ್ತದೆ.

ನನ್ನ ಆರೋಗ್ಯದ ಬಗ್ಗೆ ಚಿಂತೆ ಮಾಡಬೇಡ. ಕೈಗೆ ಎಂತದೂ ಆಗಿಲ್ಲ. ಇಲ್ಲಿ ನುಸೈಬಾ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬರೆ ಅಂದೆ.

ದೀಪಾವಳಿಯ ಮಾಲು ಮುಗಿದ ಮೇಲೆ ಮೇಜು ಕೇಳುವ ಅಂತಿದ್ದೆ. ನೀನು ಬರುತ್ತೀ ಅಂತಾದರೆ ನಾಳೆಯೇ ಕೇಳುತ್ತೇನೆ. ನೀನೇ ಬಂದು ದಿನಾ ನೋಡಿ ಹೋಗು, ಬುತ್ತಿಯ ನೆಪ ಬೇಡ.

ಪಂಜದ್ದು ಗಾಡಿಯಲ್ಲಿ ಒಳಗೆ ಹೋಗಬೇಕು. ಆದರೆ ನಿನ್ನ ಪೆಟ್ಟಿಗೆಯನ್ನು ನಾಳೆ ಎಲ್ಲಕ್ಕಿಂತ ಕೊನೆಗೆ, ಬಾಗಿಲ ಬಳಿಯೇ ಇಡುತ್ತೇನೆ. ರವೂಫ್ ಪ್ರತಿ ಊರಿನಲ್ಲೂ ಅದನ್ನು ಬದಿಗೆ ಸರಿಸಿ ನನಗೆ ಬೈಯಲಿ. ಒಳಗಿಟ್ಟರೆ ಅದರ ಮೇಲೆ ಯಾರದ್ದೋ ಮಿಕ್ಸಿ ಕೂರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನಾಗಿಯೇ ಕ್ರಮ ತಪ್ಪಿಸುವುದು ಇದೊಂದೇ ಸಲ.

ಉತ್ತರ ಬರೆಯದಿದ್ದರೂ ಅಡ್ಡಿಯಿಲ್ಲ, ಪೆಟ್ಟಿಗೆ ಸಿಕ್ಕಿತು ಅಂತ ಅಕ್ಕನ ಕೈಲಿ ಹೇಳಿಸು.

ಬೈದರೂ ನಿನ್ನವನೇ ಆದ,
ತೀರ್ಥರಾಮ

ವಿ.ಸೂ.: ಪ್ರೇಮಕ್ಕ, ಇದು ನುಸೈಬಾ. ಈಗ ಮಂಗಳವಾರ ಬೆಳಿಗ್ಗೆ. ತೀರ್ಥಣ್ಣ ಚಹಾಕ್ಕೆ ಹೋದದ್ದು ನೋಡಿ, ಟೇಪು ಸುತ್ತುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ. ಕನ್ನಡಕ ಒಡೆಯಲಿಲ್ಲ, ಅವರ ಮೂಗಿನ ಮೇಲೆಯೇ ಉಂಟು. ಗುರುವಾರದಿಂದ ಅವರ ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ, ಚಹಾದ ಲೋಟವೂ ನಿಲ್ಲುವುದಿಲ್ಲ. ಪೆಟ್ಟಿಗೆಗಳನ್ನು ಭುಜದಿಂದ ದೂಡಿ ದೂಡಿ ದಿನ ಕಳೆಯುತ್ತಿದ್ದಾರೆ, ಯಾರಿಗೂ ಹೇಳಬಾರದಂತೆ. ಮೇಲಿನ ಸಹಿ ಎಡಗೈಯದ್ದು. ನಿಮ್ಮ ಹೊಲಿಗೆ ಮೆಷಿನನ್ನು ಕಳಿಸಬೇಕಂತಲೇ ಇದ್ದರು, ಎತ್ತಲಿಕ್ಕೆ ಆಗಲಿಲ್ಲ. ಈ ಪೆಟ್ಟಿಗೆಯನ್ನು ಬಾಗಿಲ ಬಳಿ ಇಡುವುದೂ ನಾನೇ. ನಾಳೆ ಬುಧವಾರ ಹತ್ತು ಗಂಟೆಗೆ ಡಾಕ್ಟರರ ಟೋಕನ್ ತೆಗೆದಿದ್ದೇನೆ, ನಾನು ಕರೆದರೆ ಬರುವವರಲ್ಲ. ಗಾಡಿ ಇವತ್ತು ಸಂಜೆ ಸುಳ್ಯದಿಂದ ಪಂಜದ ಮೇಲೆಯೇ ವಾಪಸು ಬರುತ್ತದೆ. ಮುಂದಿನ ಸೀಟು ಖಾಲಿ ಇಡಲಿಕ್ಕೆ ರವೂಫಣ್ಣನಿಗೆ ಹೇಳಿದ್ದೇನೆ.