ಕಟಕಟ ಶಬ್ದ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಐಸ್ ಬುಟ್ಟಿ ಖಾಲಿ. ತಳದಲ್ಲಿ ನಾಲ್ಕು ತುಂಡು, ಅವೂ ಟೊಳ್ಳು. ಮೊಣಕಾಲಿನ ಆಪರೇಷನ್ ಆದಮೇಲೆ ದಿನಾ ಐಸ್ ಇಡಬೇಕು ಅಂತ ಮಗ ತಂದ ಫ್ರಿಡ್ಜ್ ಇದು — ತಾನೇ ನೀರೆಳೆದು, ತಾನೇ ಐಸ್ ಮಾಡಿ ಬುಟ್ಟಿಗೆ ಬೀಳಿಸುತ್ತೆ. ಬೀಳಿಸಬೇಕು.

ಮಗ ದೂರದ ಬಸ್ಸಿನ ಡ್ರೈವರ್. ಹೋದರೆ ದಿನಗಟ್ಟಲೆ. ಮನೇಲಿ ನಾನು, ಸೊಸೆ. ಅವಳು ಸ್ಕೂಲ್ ಟೀಚರ್. ಜಗಳವಿಲ್ಲ, ಸಲಿಗೆಯೂ ಇಲ್ಲ.

"ಮೆಕ್ಯಾನಿಕ್ ಕರೆಸೋಣ್ವಾ ಮಾವ?" ಅಂದಳು.

ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವನಿಗೆ ಕೇಳೋ ಮಾತಾ ಇದು!

ಮಾರ್ಚ್ 5

ಫ್ರಿಡ್ಜ್ ಎಳೆದು ಹಿಂದೆ ನೋಡಿದೆ. ಪೈಪ್ ಸರಿಯಿದೆ. ಫಿಲ್ಟರ್ ಬಿಚ್ಚಿದರೆ ಬರೀ ಕೆಸರು. ಸಿಕ್ಕಿಬಿದ್ದ ಕಳ್ಳ! ಹೊಸದು ಹಾಕಿದೆ. ಸಂಜೆ ಬಿದ್ದ ತುಂಡುಗಳು ದಪ್ಪ, ಗಟ್ಟಿ. ಮೀಸೆ ಮೇಲೆ ಕೈ ಹೋಯ್ತು.

ಮಾರ್ಚ್ 7, ಮಧ್ಯಾಹ್ನ

ತುಂಡು ಚೆನ್ನಾಗಿ ಬೀಳ್ತಿದೆ. ಬುಟ್ಟಿ ಮಾತ್ರ ತುಂಬಲ್ಲ. ಇದೆಂಥದು?

ತುಂಬಿದಾಗ ಮೆಷಿನ್ ನಿಲ್ಲಿಸೋಕೆ ಒಂದು ತಂತಿ ಇದೆ. ಅದು ಸಿಕ್ಕಿಕೊಂಡಿದೆಯಾ — ಇಲ್ಲ, ಸಲೀಸಾಗಿ ಆಡುತ್ತೆ. ಬಾಗಿಲಿನ ರಬ್ಬರ್ ಬಿಗಿ. ಕರಗಿದ ಗುರುತೂ ಇಲ್ಲ. ಹಾಗಾದರೆ ಐಸ್ ಹೋಯ್ತೆಲ್ಲಿ?

ಸೊಸೆಗೆ ಹೇಳಿದೆ. ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಇರಲಿ ಬಿಡಿ ಮಾವ."

ಇರಲಿ ಬಿಡಿ ಅಂದರೆ? ನೋಯೋ ಕಾಲು ಯಾರದ್ದು?

ಈಗ ಕಟಕಟ ಅಂತ ಶಬ್ದ ಬೇರೆ. ಐಸ್ ಬೀಳಿಸೋ ಮೋಟಾರಿನ ಹಲ್ಲುಚಕ್ರ ಸವೆದಿರಬೇಕು.

ಮಾರ್ಚ್ 8, ಭಾನುವಾರ

ತಲೆ ಕೆಟ್ಟು ಕೆರ ಹಿಡಿದಿದೆ. ಪ್ಲಗ್ ಕಿತ್ತು, ಮೋಟಾರ್ ಬಿಚ್ಚಿ ನನ್ನ ರೂಮಿಗೆ ತಂದೆ. ಒಂದು ಹಲ್ಲೂ ಸವೆದಿಲ್ಲ. ನೋಡ್ತಿರೋವಾಗಲೇ ಅಡುಗೆಮನೆಯಿಂದ — ಕಟಕಟ.

ಮೋಟಾರ್ ಇಲ್ಲಿ ಮೇಜಿನ ಮೇಲೆ. ಶಬ್ದ ಅಲ್ಲಿ!

ಕುಂಟಿಕೊಂಡು ಹೋದೆ. ಸೊಸೆ ನಿಂತಿದ್ದಾಳೆ. ಕೈಯಲ್ಲಿ ಸ್ಟೀಲ್ ಲೋಟ, ಕೆನ್ನೆ ಉಬ್ಬಿದೆ.

"ಏನಮ್ಮಾ ಅದು?"

ನುಂಗೋಕೂ ಆಗದೆ ಉಗಿಯೋಕೂ ಆಗದೆ ಒದ್ದಾಡಿದಳು. ಆಮೇಲೆ, "ಮೆಷಿನ್ ಸರಿಯಾಗೇ ಇದೆ ಮಾವ. ನಾನೇ ತಿಂತಿದೀನಿ. ಸ್ಕೂಲಿಗೂ ಫ್ಲಾಸ್ಕಲ್ಲಿ ಒಯ್ತೀನಿ. ಬೇಡ ಅಂದ್ಕೊಂಡ್ರೂ ತಡೆಯೋಕಾಗಲ್ಲ. ನಿಮ್ಮ ಕಾಲಿಗೆ ಅಂತ ಗೊತ್ತು..."

ಐಸನ್ನ ಯಾರಾದರೂ ಊಟದ ಹಾಗೆ ತಿಂತಾರಾ? ಅವಳ ಮುಖ ಸರಿಯಾಗಿ ನೋಡಿದ್ದೇ ಆಗ. ತುಟಿ ಬಿಳಿಚಿಕೊಂಡಿದೆ. ಕಟ್ಟೆ ಹಿಡಿದೇ ನಿಂತಿದ್ದಾಳೆ. ಎಂದಿನಿಂದ ಹೀಗೆ? ಒಂದೇ ಸೂರು — ನನಗೆ ಕಾಣಲೇ ಇಲ್ಲವಾ?

"ನಾಳೆ ಡಾಕ್ಟರ್ ಹತ್ರ ಹೋಗೋಣ."

"ಐಸ್ ತಿಂತೀನಿ ಅಂತ ಹೇಳೋದಾ? ನಗ್ತಾರೆ ಮಾವ."

"ನಗಲಿ. ನಾನೂ ಬರ್ತೀನಲ್ಲ."

ಮಾರ್ಚ್ 9, ಆಸ್ಪತ್ರೆ

ಡಾಕ್ಟರಮ್ಮ ನಗಲಿಲ್ಲ. ಕೆಳರೆಪ್ಪೆ ಎಳೆದು ನೋಡಿದರು. ರಕ್ತಪರೀಕ್ಷೆ. ರಿಪೋರ್ಟ್ ನೋಡಿದ್ದೇ ಅಡ್ಮಿಟ್ ಅಂದರು. ಮೈಯಲ್ಲಿ ಕಬ್ಬಿಣದ ಅಂಶವೇ ಇಲ್ಲವಂತೆ. ಹಾಗಾದಾಗ ಕೆಲವರಿಗೆ ಐಸ್ ಅಗಿಯೋ ಆಸೆ ಹುಟ್ಟುತ್ತಂತೆ.

"ಕಬ್ಬಿಣ ಕಡಿಮೆಯಾದ್ರೆ ಐಸ್ ಯಾಕೆ?"

"ಸರಿಯಾಗಿ ಯಾರಿಗೂ ಗೊತ್ತಿಲ್ಲ" ಅಂದರು. ಎಲ್ಲೋ ಒಳಗೆ ರಕ್ತ ಸೋರ್ತಿರಬಹುದು, ಹುಡುಕಬೇಕು ಅಂದರು.

ಮಗನ ಫೋನ್ ಸಿಗ್ತಿಲ್ಲ. ಅವಳು ಕಣ್ಣು ಮುಚ್ಚಿದ್ದಾಳೆ. ನಿದ್ದೆಯಾ? ಕೂಗಿ ನೋಡಲಾ, ಬೇಡವಾ...

ಮಾರ್ಚ್ 16, ಸಂಜೆ

ಬರೆಯೋಕೆ ಕೈ ಏಳಲಿಲ್ಲ ಇಷ್ಟು ದಿನ. ರಕ್ತ ಕೊಟ್ಟರು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರು. ಹುಣ್ಣು. ಸದ್ದಿಲ್ಲದೆ ಒಸರ್ತಿತ್ತಂತೆ. ಮಾತ್ರೆಯಲ್ಲೇ ವಾಸಿಯಾಗುತ್ತೆ, ಹೆದರಬೇಡಿ ಅಂದರು. ಮಗ ಓಡಿ ಬಂದ, ಮಂಚದ ಪಕ್ಕ ಕೂತು ಅತ್ತ, ನಿನ್ನೆ ಡ್ಯೂಟಿಗೆ ಹೋದ.

ಇವತ್ತು ಡಿಸ್ಚಾರ್ಜ್. ಮಾತ್ರೆ ಚೀಟಿ ಕೊಡೋವಾಗ ನರ್ಸ್ ಕೇಳಿದರು, "ಪೇಷಂಟ್‌ಗೆ ನೀವೇನಾಗಬೇಕು?"

"ತಂದೆ" ಅಂದುಬಿಟ್ಟೆ.

ಯಾಕೆ ಹಾಗಂದೆನೋ. ತಿದ್ದೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನರ್ಸ್ ಬೇರೆ ಕಡೆ ತಿರುಗಿದ್ದರು. ಸೊಸೆ ಪಕ್ಕದಲ್ಲೇ ಇದ್ದಳು. ಕೇಳಿಸಿತಾ? ಆಟೋದಲ್ಲಿ ದಾರಿಪೂರ್ತಿ ಆಚೆ ನೋಡ್ತಿದ್ದಳು. ನಗ್ತಿದ್ದಳೋ, ಅಳ್ತಿದ್ದಳೋ. ಬೇಜಾರಾಯ್ತೇನೋ. ಅವಳಿಗೂ ಹೆತ್ತ ಅಪ್ಪ ಅಂತ ಒಬ್ಬರಿದ್ದರಲ್ಲ, ಆ ಜಾಗ ನನ್ನದಾ?

ಈಗ ನನ್ನ ರೂಮಿನ ಬಾಗಿಲು ತಟ್ತಿದ್ದಾಳೆ. ಏನೋ ಕರೆದಳು, ಫ್ಯಾನ್ ಸದ್ದಿನಲ್ಲಿ ತಿಳಿಯಲಿಲ್ಲ. ಮಾವ ಅಂದಳಾ, ಇಲ್ಲಾ —