ಮೀನಾ ಬೆಳೆಸಿದ ಸಂಖ್ಯೆ

ಹೊಸದುರ್ಗ,
ಭಾನುವಾರ, 14 ಜುಲೈ 2024

ಪ್ರೀತಿಯ ತಂಗಿ ಮೀನಾಗೆ,

ಹೇಗಿದ್ದೀಯೇ? ಮಂಡಿನೋವಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಕುರಿಗಳ ಆರೈಕೆಯಲ್ಲೇ ನಿನ್ನದನ್ನು ಮರೆತಿದ್ದೀಯೋ? ನಿನ್ನ ಯಜಮಾನರು ಜುಂಜೇಶ್ ಅವರ ಕೆಮ್ಮು ಕಡಿಮೆಯಾಯಿತೇ? ಜವನಗೊಂಡನಹಳ್ಳಿ ಕಡೆ ಮಳೆಯೆಂದು ಬಸ್ಸಿನಲ್ಲಿ ಯಾರೋ ಹೇಳಿದರು, ಮರಿಗಳು ಜೋಪಾನ. ನಾನು ಮೇ ತಿಂಗಳಲ್ಲಿ ನಿವೃತ್ತಳಾದೆ. ಮೂವತ್ತಾರು ವರ್ಷ ಲೆಕ್ಕದ ಟೀಚರಾಗಿ ಮಕ್ಕಳ ಗಲಾಟೆಗೆ ಬೈದವಳು, ಈಗ ಕುಕ್ಕರ್ ಕೂಗಿದರೆ "ಬಂದೆ ಇರಪ್ಪ" ಎನ್ನುತ್ತೇನೆ. ನಗಬೇಡ. ಒಬ್ಬಳೇ ಇರುವುದು ಬಹಳ ಬೇಜಾರು ಕಣೆ.

ಹೊತ್ತು ಹೋಗದೆ ನಿನ್ನ ಸಂಖ್ಯೆ ಹಿಡಿದು ಕುಳಿತೆ. ನಾವಿಬ್ಬರೂ ಎಸ್ಸೆಸ್ಸೆಲ್ಸಿ ಬರೆದ ಬೇಸಿಗೆಯಲ್ಲಿ, ಕುರಿ ಮೇಯಿಸುತ್ತಾ ಕಡ್ಡಿಯಿಂದ ಮಣ್ಣಿನ ಮೇಲೆ ಬೆಳೆಸುತ್ತಿದ್ದೆಯಲ್ಲ, ಅದು. ಮೊದಲು 7. ಬಲಕ್ಕೆ 3 ಇಟ್ಟರೆ 73. ಆಮೇಲೆ 739, 7393. ಪ್ರತಿ ಸಲವೂ ಅದು ಅವಿಭಾಜ್ಯವಾಗಿಯೇ ಇರಬೇಕು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದ ಭಾಗವಾದರೂ ಆಟ ಮುಗಿಯಿತು. ಹಾಗೆ ನೀನು 73939133ಕ್ಕೆ ಬಂದಿದ್ದೆ. ಎಂಟು ಅಂಕಿ! ಅದೇ ವಾರ ಅಪ್ಪ ಹೇಳಿದ: "ಇಬ್ರನ್ನೂ ಕಾಲೇಜಿಗೆ ಕಳ್ಸಾಕಾಗಲ್ಲ. ಲೆಕ್ಕದಾಗೆ ಯಾರು ಚುರುಕೋ ಅವ್ಳು ದುರ್ಗಕ್ಕೆ ಹೋಗ್ಲಿ, ಇನ್ನೊಬ್ಳು ಕುರಿ ಹಿಂದೆ ಬರ್ಲಿ." ನೀನು ಹಿಗ್ಗಿನಿಂದ ಸಂಖ್ಯೆ ತೋರಿಸಿದೆ: "ಎರಡು ಸಾವಿರದ ತಂಕ ಭಾಗ್ಸೀನಿ, ಎಲ್ಲೂ ಒಡೀಲಿಲ್ಲ ಅಪ್ಪಾ." ನಾನು "2917ರಿಂದ ಹೋಗ್ತೈತೆ" ಎಂದೆ. ನೀನು ಕಾಲಿನಿಂದ ಅಂಕಿಗಳನ್ನು ಅಳಿಸಿದೆ. ಜೂನ್‌ನಲ್ಲಿ ದುರ್ಗದ ಬಸ್ಸು ಹತ್ತಿದವಳು ನಾನು.

ಆ ಸಂಖ್ಯೆಯ ವರ್ಗಮೂಲ 8598 ಚಿಲ್ಲರೆ; ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೂ ಸಾವಿರಕ್ಕೂ ಮೇಲಿವೆ. ಪಕ್ಕದ ಮನೆಯ ಕಿರಣ್‌ಕುಮಾರ್ ಮೇಷ್ಟ್ರು "ಮೊಬೈಲ್ ಕೇಳ್ರಿ ಟೀಚರ್, ಕಣ್ಣು ಮುಚ್ಚಿ ತೆಗೆಯೋದ್ರಾಗೆ ಹೇಳ್ತೈತೆ" ಎಂದು ನಗುತ್ತಾರೆ. ನಾನೇ ಮಾಡಬೇಕಿತ್ತು. ನಿನ್ನೆ ಕೊನೆಯದು, 8597, ಮುಗಿಸಿದೆ. ಯಾವುದರಿಂದಲೂ ಹೋಗಲಿಲ್ಲ ಮೀನಾ. ನಿನ್ನ ಸಂಖ್ಯೆ ಗಟ್ಟಿ. ಬಲದಿಂದ ಒಂದೊಂದೇ ಅಂಕಿ ತೆಗೆಯುತ್ತಾ ಹೋದರೂ ಉಳಿದದ್ದೆಲ್ಲ ಅವಿಭಾಜ್ಯವೇ. ಇಂಥವುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲವೆಂದು ಪುಸ್ತಕವೊಂದರಲ್ಲಿ ಓದಿದೆ. ಹದಿನೈದರ ಹುಡುಗಿ ಕಡ್ಡಿ ಹಿಡಿದುಕೊಂಡು ಅಲ್ಲಿಯವರೆಗೆ ಹೋಗಿದ್ದಳು! ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಜುಂಜೇಶ್ ಅವರಿಗೆ ನಮಸ್ಕಾರ ತಿಳಿಸು. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಯಶೋದಾ

ತಾ.ಕ.: 2917ರಿಂದ ಭಾಗಿಸಿದರೆ 1934 ಉಳಿಯುತ್ತದೆ. ಅವತ್ತು ಅಕ್ಕ ಲೆಕ್ಕ ತಪ್ಪಿದಳು ಎಂದುಕೊಳ್ಳಬೇಡ. ನಾನು ಭಾಗಿಸಿಯೇ ಇರಲಿಲ್ಲ ಕಣೆ. ನೀನು ಎರಡು ಸಾವಿರ ದಾಟಿಲ್ಲವೆಂದು ಗೊತ್ತಿತ್ತು. ಅದರಾಚೆಯದೊಂದು ಬಾಯಿಗೆ ಬಂದಂತೆ ಹೇಳಿದೆ. ಕಾಲೇಜು ನನಗೆ ಬೇಕಿತ್ತು. ನಲವತ್ತನಾಲ್ಕು ವರ್ಷ ಆಯಿತಲ್ಲೇ, ನೀನು ಒಂದು ಸಲವೂ ಭಾಗಿಸಿ ನೋಡಲಿಲ್ಲವಾ? ಅಕ್ಕ ಹೇಳಿದಳೆಂದು ನಂಬಿಬಿಟ್ಟೆಯಾ?