ಇದ್ರೀಸ್ ಮಿಯಾರ ಮುಂಹಲ್ಲು

ಪ್ರೀತಿಯ ಇದ್ರೀಸ್ ಮಿಯಾ,

ಸಮಸ್ತಿಪುರದ ನಿಮ್ಮ ಹಳ್ಳಿಯಲ್ಲಿ ಈ ಪತ್ರವನ್ನು ಓದಿ ಹೇಳುವವಳು ಮಗಳು ಜರೀನಾ ಎಂದು ನನಗೆ ಗೊತ್ತು. ಅವಳ ಬಾಯಲ್ಲಿ ಇದನ್ನು ಹೇಳಿಸಲು ನಾಚಿಕೆಯಾಗುತ್ತದೆ. ಆದರೂ ಅವಳಿಗೂ ತಿಳಿಯಲಿ.

ಟೆರಿಟ್ಟಿ ಬಜಾರಿನ ನನ್ನ ಹಲ್ಲಿನ ದವಾಖಾನೆಗೆ ನೀವು ಮೊದಲು ಬಂದಾಗ ಬ್ಯಾಂಡಿನ ಕೆಂಪು ಕೋಟು ಇನ್ನೂ ಮೈಮೇಲಿತ್ತು. ಮದುವೆಯ ದಿಬ್ಬಣದಲ್ಲಿ ಕುಣಿಯುತ್ತಿದ್ದವನೊಬ್ಬ ನೀವು ಊದುತ್ತಿದ್ದ ಕ್ಲಾರಿನೆಟ್ಟಿಗೆ ಬಡಿದು, ನಿಮ್ಮ ಮೇಲಿನ ಮುಂಹಲ್ಲಿನ ಮೂಲೆ ಹಾರಿಹೋಗಿತ್ತು. "ವಾದ್ಯ ನಿಲ್ಲೋದೇ ಈ ಹಲ್ಲಿನ ಮೇಲೆ, ದೀದಿ. ಇದು ಹೋದ್ರೆ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿಗೆ ತಳ್ತಾರೆ" ಎಂದಿರಿ. "ನಮ್ಮಪ್ಪ ಚೀನಾದಿಂದ ಹೊತ್ತು ತಂದ ಕಸುಬಿದು. ಉಳಿಸದೆ ಕಳಿಸಲ್ಲ" ಎಂದು ನಾನು ಜಂಬ ಕೊಚ್ಚಿದೆ. ಹಲ್ಲಿನ ಬಣ್ಣದ ರಾಳ ತುಂಬಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದೆ.

ಒಂಬತ್ತು ದಿನ ನಿಂತಿತು. ಉದುರಿದ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, "ಮದುಮಗ ಇನ್ನೂ ಕುದುರೆ ಇಳಿದಿರಲಿಲ್ಲ, ನನ್ನ ಹಲ್ಲು ಇಳಿದುಬಿಡ್ತು" ಎಂದು ನಕ್ಕಿರಿ.

ಅಂದು ಬಿರುಕು ಎಲ್ಲಿಯವರೆಗಿದೆ ಎಂದು ನೋಡಲು ಹಲ್ಲಿಗೆ ನೀಲಿ ಬಣ್ಣ ಹಚ್ಚಿದೆ. ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಒಸಡನ್ನು ದಾಟಿ ಬೇರಿನ ಕಡೆಗೆ ಇಳಿದಿತ್ತು. ಬೇರಿನ ತನಕ ಸೀಳಿದ ಹಲ್ಲನ್ನು ಯಾವ ರಾಳವೂ ಯಾವ ಪಿಂಗಾಣಿಯೂ ಹಿಡಿದಿಡಲಾರದು. ದವಡೆಯ ಎಲುಬು ಗಟ್ಟಿಯಿರುವಾಗಲೇ ಹಲ್ಲು ಕಿತ್ತು, ಎಲುಬಿಗೆ ತಿರುಪು ಬಿಗಿದು ಅದರ ಮೇಲೆ ಹೊಸ ಹಲ್ಲು ಕೂರಿಸಬೇಕಿತ್ತು. ಆರು ತಿಂಗಳು ನೀವು ಊದುವಂತಿರಲಿಲ್ಲ, ಆಮೇಲೆ ಊದಬಹುದಿತ್ತೇನೋ.

"ಏನಾಗಿದೆ ದೀದಿ?" ಎಂದಿರಿ. "ಸಣ್ಣ ಗೀರು, ಅಷ್ಟೇ" ಎಂದೆ. ನಿಮ್ಮ ಮೇಲಿನ ಕನಿಕರದಿಂದ ಹಾಗೆಂದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಕನಿಕರವಲ್ಲ. ಹಲ್ಲು ಉಳಿಸುತ್ತೇನೆಂದು ಆಡಿದ ಮಾತು ನುಂಗಿಕೊಳ್ಳಲು ನನಗಾಗಲಿಲ್ಲ.

ನರ ತೆಗೆದೆ, ಒಳಗೆ ಗಾಜಿನ ನಾರಿನ ಕಡ್ಡಿ ನೆಟ್ಟೆ, ಮೇಲೆ ಪಿಂಗಾಣಿ ಕವಚ ಹಾಕಿದೆ. ಪಕ್ಕದ ಹಲ್ಲಿಗಿಂತ ಅದೇ ಚೆಂದ ಕಾಣುತ್ತಿತ್ತು. ನೀವು ಇಡೀ ಮಾಘ ಮಾಸ ಊದಿದಿರಿ. ಫಾಲ್ಗುಣದಲ್ಲಿ ಒಸಡು ಬಾತು ಕೀವಾಯಿತು. ಕವಚ ಎಳೆದರೆ ಬೇರು ಎರಡು ಹೋಳಾಗಿ ಕೈಗೆ ಬಂತು. ಸುತ್ತಲ ಎಲುಬು ಕರಗಿತ್ತು, ತಿರುಪಿಗೆ ಹಿಡಿತವೇ ಇರಲಿಲ್ಲ. ಹಾಕಿ ತೆಗೆಯುವ ಕೃತಕ ಹಲ್ಲನ್ನು ಮೂರು ಸಲ ಮಾಡಿಕೊಟ್ಟೆ. ಮೂರನೆಯದನ್ನು ಹಾಕಿಕೊಂಡು ನನ್ನೆದುರೇ ಊದಿದಿರಿ. ಹಲ್ಲು ಅಲುಗಿತು, ಬರೀ ಗಾಳಿ ಸುಯ್ಯೆಂದಿತು. ನೀವು ಕ್ಲಾರಿನೆಟ್ಟನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಿರಿ.

ಊರಿಗೆ ಹೊರಟ ದಿನ ನಿಮ್ಮ ಕಡೆಯ ಗಟ್ಟಿ ಸಿಹಿ ತಿಂಡಿ ಠೇಕುವಾ ತಂದಿದ್ದಿರಿ, ನೀವೇ ಕಚ್ಚಲಾರದ ಠೇಕುವಾ. "ಮಾಡೋದೆಲ್ಲ ಮಾಡಿದ್ರಿ ದೀದಿ. ನನ್ನ ಹಣೆಬರಹ" ಎಂದಿರಿ. ನಾನು ಪೊಟ್ಟಣ ತೆಗೆದುಕೊಂಡು ತಲೆಯಾಡಿಸಿದೆ. ಆಗಲೂ ಬಾಯಿ ಬಿಡಲಿಲ್ಲ.

ಹಣೆಬರಹವಲ್ಲ, ಮಿಯಾ. ನಾನು ನೋಡಿದ್ದೆ.

ನಿಮ್ಮ ಬ್ಯಾಂಡಿನವರು ಹೇಳಿದರು, ನೀವೀಗ ಮದುವೆ ಮನೆಯಿರುವ ಬೀದಿಗೇ ಹೋಗುವುದಿಲ್ಲವಂತೆ. ಅದನ್ನು ಸರಿಪಡಿಸುವ ಯಾವ ವಿದ್ಯೆಯೂ ನನ್ನಲ್ಲಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.

ಉಳಿದ ಹಲ್ಲುಗಳಾದರೂ ಕೊನೆಯ ತನಕ ನಿಮಗೆ ನೋವಿಲ್ಲದೆ ಅನ್ನ ಅಗಿದುಕೊಡಲಿ.

ನಿಮ್ಮ ದೀದಿ ಎನಿಸಿಕೊಂಡಿದ್ದ,
ಹು ಮೇಫಾಂಗ್
ಕೋಲ್ಕತ್ತ